ಕೂದಲು ಬೆಳ್ಳಗಾಗುವುದು ಯಾಕೆ? ಅದನ್ನು ನಿಧಾನ ಮಾಡಲು ಸಾಧ್ಯವಾ?

ಇಪ್ಪತ್ತೈದು ತುಂಬುವ ಮೊದಲೇ ತಲೆಯಲ್ಲಿ ಬಿಳಿ ಎಳೆ ಕಂಡು ಗಾಬರಿಯಾಗುವವರು ಬಹಳ ಜನ ಇದ್ದಾರೆ. ಕಂಡ ತಕ್ಷಣ ಮೊದಲು ಮಾಡುವ ಕೆಲಸ ಫೋನ್ ತೆಗೆದು ಹುಡುಕುವುದು. ಒಂದು ಸಲ ಹುಡುಕಿದರೆ ಸಾಕು, ಆಮೇಲೆ ಎಣ್ಣೆ, ಸೀರಮ್, ಬಯೋಟಿನ್ ಅನ್ನುವ ವಿಟಮಿನ್ ಗುಳಿಗೆಗಳ ಜಾಹೀರಾತು ತಿಂಗಳುಗಟ್ಟಲೆ ಬೆನ್ನು ಬಿಡುವುದಿಲ್ಲ. ಎಲ್ಲರದ್ದೂ ಒಂದೇ ಮಾತು, ಬಿಳಿ ಕೂದಲನ್ನು ಮತ್ತೆ ಕಪ್ಪು ಮಾಡಿಕೊಡುತ್ತೇವೆ ಅಂತ. ಕೆಲವರು "ಬುಡದಿಂದಲೇ" ಅಂತಲೂ ಸೇರಿಸುತ್ತಾರೆ. ಇದರಲ್ಲಿ ಎಷ್ಟು ನಿಜ ಅಂತ ತಿಳಿಯಬೇಕಾದರೆ ಕೂದಲಿಗೆ ಬಣ್ಣ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರಬೇಕು. ಅದೊಂದು ಗೊತ್ತಾದರೆ ಮಿಕ್ಕಿದ್ದನ್ನೆಲ್ಲ ನೀವೇ ಅಳೆದು ನೋಡಬಹುದು.

## ಬಣ್ಣ ಸೇರುವುದು ಚರ್ಮದ ಒಳಗೆ

ಕಣ್ಣಿಗೆ ಕಾಣುವ ಕೂದಲಿಗೆ ಜೀವ ಇಲ್ಲ. ಅದು ಕೆರಟಿನ್ ಅನ್ನುವ ಪ್ರೋಟೀನಿನ ಎಳೆ. ಉಗುರಿನಲ್ಲಿ ಇರುವುದೂ ಅದೇ ಪ್ರೋಟೀನು. ಕತ್ತರಿಸಿದರೆ ನೋವಾಗದೇ ಇರುವುದು ಅದಕ್ಕೇ. ಜೀವ ಇರುವುದು ಚರ್ಮದ ಒಳಗೆ, ಕೂದಲು ಹುಟ್ಟುವ ಪುಟ್ಟ ಗುಳಿಯಲ್ಲಿ. ವೈದ್ಯರು ಇದನ್ನು ಫಾಲಿಕಲ್ ಅನ್ನುತ್ತಾರೆ, ಇಲ್ಲಿ ನಾವು ಸುಮ್ನೆ ಬುಡ ಅನ್ನೋಣ. ಒಬ್ಬರ ತಲೆಯಲ್ಲಿ ಇಂಥ ಬುಡಗಳು ಹೆಚ್ಚುಕಡಿಮೆ 1 ಲಕ್ಷ ಇರುತ್ತವೆ.

ಪ್ರತಿ ಬುಡದ ಕೆಳತುದಿಯಲ್ಲಿ ಎರಡು ಬಗೆಯ ಜೀವಕೋಶಗಳು ಅಕ್ಕಪಕ್ಕದಲ್ಲಿ ಕೆಲಸ ಮಾಡುತ್ತವೆ. ಒಂದು ಬಗೆಯವು ಎಳೆಯನ್ನು ಕಟ್ಟುತ್ತಾ ಮೇಲಕ್ಕೆ ತಳ್ಳುತ್ತವೆ. ಇನ್ನೊಂದು ಬಗೆಯವು ಬಣ್ಣ ತಯಾರಿಸುತ್ತವೆ, ಅವುಗಳ ಹೆಸರು ಮೆಲನೊಸೈಟ್. ಇವು ಟೈರೋಸಿನ್ ಅನ್ನುವ ಅಮೈನೋ ಆಮ್ಲವನ್ನು ತೆಗೆದುಕೊಂಡು, ಟೈರೋಸಿನೇಸ್ ಅನ್ನುವ ಕಿಣ್ವದ ಸಹಾಯದಿಂದ ಮೆಲನಿನ್ ಮಾಡುತ್ತವೆ. ಆ ಕಿಣ್ವ ಕೆಲಸ ಮಾಡಬೇಕಾದರೆ ಒಂಚೂರು ತಾಮ್ರ ಬೇಕು. ಈ ತಾಮ್ರದ ವಿಷಯ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. ತಯಾರಾದ ಬಣ್ಣದ ಕಣಗಳು ಪಕ್ಕದಲ್ಲಿ ಎಳೆ ಕಟ್ಟುತ್ತಿರುವ ಕೋಶಗಳಿಗೆ ದಾಟುತ್ತವೆ, ಆ ಕೋಶಗಳು ಬಣ್ಣದ ಸಮೇತ ಗಟ್ಟಿಯಾಗಿ ಕೂದಲಾಗಿ ಹೊರಗೆ ಬರುತ್ತವೆ.

ಮೆಲನಿನ್‌ನಲ್ಲಿ ಎರಡು ಥರ. ಯೂಮೆಲನಿನ್ ಕಪ್ಪು ಮತ್ತು ಕಂದು, ಫಿಯೋಮೆಲನಿನ್ ಹಳದಿ ಮತ್ತು ಕೆಂಪು. ಕಪ್ಪು, ಕಂದು, ಹೊಂಬಣ್ಣ, ಕೆಂಪು, ಹೀಗೆ ಲೋಕದಲ್ಲಿರುವ ಕೂದಲ ಬಣ್ಣಗಳೆಲ್ಲ ಇವೆರಡರ ಹೆಚ್ಚುಕಡಿಮೆಯಿಂದಲೇ ಆಗುವುದು. ಬಿಳಿಗೆ ಅಂತ ಬೇರೆ ಬಣ್ಣ ಇಲ್ಲ. ಬಣ್ಣ ಸೇರದ ಕೆರಟಿನ್ ತನ್ನ ಮೇಲೆ ಬಿದ್ದ ಬೆಳಕನ್ನು ಚದುರಿಸಿಬಿಡುತ್ತದೆ, ಅದು ನಮ್ಮ ಕಣ್ಣಿಗೆ ಬೆಳ್ಳಗೆ ಕಾಣುತ್ತದೆ, ಅಷ್ಟೇ.

ಇಲ್ಲಿಗೇ ಒಂದು ವಿಷಯ ಸ್ಪಷ್ಟವಾಯಿತು ಅಲ್ವಾ? ಹೊರಗೆ ಬಂದು ನಿಂತಿರುವ ಎಳೆ ತಾನಾಗಿ ಬಿಳಿಯಿಂದ ಕಪ್ಪಾಗಲಾರದು. ಕಪ್ಪು ಎಳೆ ಬಿಸಿಲಿಗೆ ಸ್ವಲ್ಪ ಕೆಂಚಾಗಬಹುದು, ಆದರೆ ನರೆ ಬರುವುದು ಹಾಗಲ್ಲ. ಅದು ಬುಡದಿಂದಲೇ ಬಿಳಿಯಾಗಿ ಬೆಳೆದು ಬರಬೇಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 12 ಸೆಂಟಿಮೀಟರ್ ಉದ್ದದ ಎಳೆಯ ತುದಿ ತಯಾರಾಗಿದ್ದು ಒಂದು ವರ್ಷದ ಹಿಂದೆ. ಅದಕ್ಕೆ ಬಣ್ಣ ಬೇಕೋ ಬೇಡವೋ ಅನ್ನುವುದು ಆಗಲೇ ತೀರ್ಮಾನವಾಗಿದೆ.

## ಬಿತ್ತನೆ ಬೀಜದ ಲೆಕ್ಕ

ಬಣ್ಣದ ಕೋಶಗಳು ಒಂದು ದಿನ ಯಾಕೆ ಕೈಕೊಡುತ್ತವೆ? ಇದಕ್ಕೆ ಕೂದಲು ಹುಟ್ಟಿ ಉದುರುವ ಚಕ್ರವನ್ನು ನೋಡಬೇಕು.

ತಲೆಗೂದಲಿನ ಒಂದು ಎಳೆ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರಗಳಲ್ಲಿ ಬುಡ ಕುಗ್ಗುತ್ತದೆ. ನಂತರ ಸುಮಾರು ಮೂರು ತಿಂಗಳು ವಿಶ್ರಾಂತಿ. ಕೊನೆಗೆ ಹಳೇ ಎಳೆ ಉದುರಿ, ಅದೇ ಬುಡದಿಂದ ಹೊಸದು ಶುರುವಾಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಅನ್ನುವುದು ಈ ಚಕ್ರದಿಂದಲೇ. ಪ್ರತಿ ಸಲ ಬುಡ ಕುಗ್ಗಿದಾಗ ಅಲ್ಲಿದ್ದ ಬಣ್ಣದ ಕೋಶಗಳೂ ಸಾಯುತ್ತವೆ. ಹಾಗಾಗಿ ಪ್ರತಿ ಹೊಸ ಎಳೆಗೆ ಹೊಸದಾಗಿ ಬಣ್ಣದ ಕೋಶಗಳು ಬೇಕು. ಅವು ಬರುವುದು ಬುಡದ ಮೇಲ್ಭಾಗದಲ್ಲಿ ಸ್ವಲ್ಪ ಉಬ್ಬಿದಂತೆ ಇರುವ ಜಾಗದಿಂದ. ಅಲ್ಲಿ ಬಣ್ಣದ ಸ್ಟೆಮ್ ಸೆಲ್‌ಗಳು, ಅಂದರೆ ಕಾಂಡಕೋಶಗಳು ಇರುತ್ತವೆ.

ಬೆಳೆ ಕೊಯ್ದ ಮೇಲೆ ಮುಂದಿನ ಬಿತ್ತನೆಗೆಂದು ಸ್ವಲ್ಪ ಬೀಜ ಎತ್ತಿಡುತ್ತಾರಲ್ಲ, ಹಾಗೆ ಇದು. ಸ್ಟೆಮ್ ಸೆಲ್‌ಗಳು ಕಣಜದಲ್ಲಿಟ್ಟ ಬೀಜ. ಬಣ್ಣದ ಕೋಶಗಳು ಬೆಳೆ. ಪ್ರತಿ ಚಕ್ರದಲ್ಲೂ ಒಂದಷ್ಟು ಬೀಜ ಕೆಳಗಿಳಿದು ಬೆಳೆಯಾಗಬೇಕು, ಒಂದಷ್ಟು ಉಳಿಯಬೇಕು. ಉಳಿಯುವುದು ಕಡಿಮೆಯಾಗುತ್ತಾ ಹೋದರೆ ಒಂದು ಸಲ ಬಿತ್ತುವುದಕ್ಕೆ ಏನೂ ಇರುವುದಿಲ್ಲ. ಆ ಚಕ್ರದಿಂದ ಆ ಬುಡದ ಕೂದಲು ಬಿಳಿ.

2005ರಲ್ಲಿ ಎಮಿ ನಿಶಿಮುರಾ, ಡೇವಿಡ್ ಫಿಶರ್ ಮತ್ತವರ ತಂಡ ಇದನ್ನು ಇಲಿಗಳಲ್ಲೂ ಮನುಷ್ಯರ ಕೂದಲ ಬುಡದಲ್ಲೂ ನೋಡಿತು. ವಯಸ್ಸಾದಂತೆ ಸ್ಟೆಮ್ ಸೆಲ್‌ಗಳು ಕಡಿಮೆಯಾಗುತ್ತಿದ್ದವು. ಅದಕ್ಕಿಂತ ಕುತೂಹಲದ ಸಂಗತಿ ಎಂದರೆ, ಕೆಲವು ಸ್ಟೆಮ್ ಸೆಲ್‌ಗಳು ಇರಬೇಕಾದ ಜಾಗದಲ್ಲೇ ಬಣ್ಣದ ಕೋಶಗಳಾಗಿ ಮಾರ್ಪಟ್ಟಿದ್ದವು. ಬೀಜ ಕಣಜದಲ್ಲೇ ಮೊಳೆತುಹೋದರೆ ಏನು ಪ್ರಯೋಜನ? ಬೆಳೆಯೂ ಆಗಲಿಲ್ಲ, ಬೀಜವಾಗಿಯೂ ಉಳಿಯಲಿಲ್ಲ.

2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಯೂಮಿ ಇಟೊ ಅವರ ತಂಡ ಇನ್ನೊಂದು ತೊಡಕನ್ನು ತೋರಿಸಿತು. ಬಣ್ಣದ ಸ್ಟೆಮ್ ಸೆಲ್‌ಗಳು ಒಂದೇ ಕಡೆ ಕೂತಿರುವುದಿಲ್ಲ. ಅವು ಮೇಲಿನ ಉಬ್ಬಿಗೂ ಅದರ ಕೆಳಗಿನ ಭಾಗಕ್ಕೂ ಓಡಾಡುತ್ತವೆ. ಕೆಳಗೆ ಬಂದಾಗಲೇ ಬಣ್ಣ ತಯಾರಿಸು ಅನ್ನುವ ಸಂಕೇತ ಅವಕ್ಕೆ ಸಿಗುವುದು. ಇಲಿಗಳ ಕೂದಲನ್ನು ಮತ್ತೆ ಮತ್ತೆ ಕಿತ್ತು ಬುಡಕ್ಕೆ ಬೇಗ ವಯಸ್ಸಾಗುವಂತೆ ಮಾಡಿದಾಗ, ಮೇಲೆಯೇ ಸಿಕ್ಕಿಕೊಂಡ ಸ್ಟೆಮ್ ಸೆಲ್‌ಗಳ ಪಾಲು ಶೇ 15ರಿಂದ ಹೆಚ್ಚುಕಡಿಮೆ ಅರ್ಧಕ್ಕೆ ಏರಿತು. ಇಲ್ಲಿ ಬೀಜ ಖಾಲಿಯಾಗಿಲ್ಲ, ಹೊಲಕ್ಕೆ ಇಳಿಯುತ್ತಿಲ್ಲ. ಸಂಶೋಧಕರಿಗೆ ಇದರಲ್ಲಿ ಆಸೆ ಕಾಣುವುದು ಸಹಜ, ಸಿಕ್ಕಿಕೊಂಡದ್ದನ್ನು ಬಿಡಿಸುವ ದಾರಿ ಸಿಕ್ಕರೆ ಬಣ್ಣ ಮರಳಬಹುದು ಅಂತ. ಆದರೆ ಇದು ಇಲಿಗಳ ಮೇಲಿನ ಕೆಲಸ, ಮನುಷ್ಯರಿಗೆ ಕೊಡುವ ಔಷಧಿ ಇದರಿಂದ ಬಂದಿಲ್ಲ.

ಮೂರನೆಯ ಕಾರಣವೂ ಒಂದಿದೆ. ಜೀವಕೋಶಗಳು ಕೆಲಸ ಮಾಡುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪಾರ್ಲರ್‌ನಲ್ಲಿ ಕೂದಲು ಬ್ಲೀಚ್ ಮಾಡಲು ಬಳಸುವುದೂ ಇದನ್ನೇ. ಹರೆಯದಲ್ಲಿ ಕ್ಯಾಟಲೇಸ್ ಅನ್ನುವ ಕಿಣ್ವ ಇದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆದು ಹಾಕುತ್ತದೆ. 2009ರಲ್ಲಿ ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನರೆತ ಕೂದಲಿನ ಬುಡದಲ್ಲಿ ಕ್ಯಾಟಲೇಸ್ ಕಡಿಮೆ, ಪೆರಾಕ್ಸೈಡ್ ಜಾಸ್ತಿ ಇರುವುದನ್ನು ಕಂಡರು. ಪೆರಾಕ್ಸೈಡ್ ಹೆಚ್ಚಾದರೆ ಮೆಲನಿನ್ ಮಾಡುವ ಟೈರೋಸಿನೇಸ್ ಕೆಡುತ್ತದೆ. ಇದನ್ನು ಓದಿದವರು ಕ್ಯಾಟಲೇಸ್ ಗುಳಿಗೆ ಮಾಡಿ ಮಾರುವುದಕ್ಕೂ ಶುರು ಮಾಡಿದರು. ಕ್ಯಾಟಲೇಸ್ ಒಂದು ಪ್ರೋಟೀನು, ನುಂಗಿದರೆ ಬೇರೆ ಪ್ರೋಟೀನಿನ ಹಾಗೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಅದು ಇಡಿಯಾಗಿ ತಲೆಯ ಬುಡಕ್ಕೆ ಹೋಗಿ ಸೇರುವುದಿಲ್ಲ.

ಎಳೆ ಕಟ್ಟುವ ಕೋಶಗಳ ಸ್ಟೆಮ್ ಸೆಲ್ ಬೇರೆ, ಬಣ್ಣದ್ದು ಬೇರೆ. ಹಾಗಾಗಿಯೇ ಬಣ್ಣ ನಿಂತರೂ ಕೂದಲು ಬೆಳೆಯುತ್ತಲೇ ಇರುತ್ತದೆ. ನರೆ ಬಂತು ಅಂದರೆ ಬೋಳಾಗುತ್ತೇವೆ ಅಂತ ಅಲ್ಲ. ಒಂದೊಂದು ಬುಡದ ಲೆಕ್ಕ ಒಂದೊಂದು ಥರ ಇರುವುದರಿಂದ ನರೆ ಒಮ್ಮೆಲೇ ಬರುವುದಿಲ್ಲ, ಅಲ್ಲೊಂದು ಇಲ್ಲೊಂದು ಎಳೆಯಾಗಿ ಬರುತ್ತದೆ.

## ಯಾರಿಗೆ ಬೇಗ, ಯಾರಿಗೆ ತಡ

ಬಹುಪಾಲು ಇದು ಹುಟ್ಟಿನಿಂದ ಬಂದದ್ದು. ಅಪ್ಪ ಅಮ್ಮ ಇಬ್ಬರ ಕಡೆಯೂ ನೋಡಿ, ಅವರಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು ಅಂತ ಕೇಳಿ. ನಿಮ್ಮದರ ಅಂದಾಜು ಅಲ್ಲೇ ಸಿಗುತ್ತದೆ. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ಲ್ಯಾಟಿನ್ ಅಮೆರಿಕದ 6,000ಕ್ಕೂ ಹೆಚ್ಚು ಜನರ ವಂಶವಾಹಿ ನೋಡಿ, ಐಆರ್‌ಎಫ್4 ಅನ್ನುವ ಜೀನಿಗೂ ನರೆಗೂ ನಂಟು ಇರುವುದನ್ನು ಗುರುತಿಸಿದರು. ಮೆಲನಿನ್ ತಯಾರಿಯನ್ನು ನಿಯಂತ್ರಿಸುವುದರಲ್ಲಿ ಈ ಜೀನ್‌ಗೆ ಪಾತ್ರ ಇದೆ ಅಂತ ಮೊದಲೇ ಗೊತ್ತಿತ್ತು. ಹಾಗಂತ ಇದೊಂದೇ ಜೀನ್ ಎಲ್ಲ ತೀರ್ಮಾನಿಸುತ್ತದೆ ಅಂತಲ್ಲ.

ಸಾಮಾನ್ಯವಾಗಿ ಯುರೋಪಿನ ಮೂಲದವರಿಗೆ ಮೂವತ್ತರ ನಡುವಿನಲ್ಲಿ, ಏಷ್ಯಾದವರಿಗೆ ಮೂವತ್ತರ ಕೊನೆಗೆ, ಆಫ್ರಿಕಾ ಮೂಲದವರಿಗೆ ನಲವತ್ತರ ನಡುವಿನಲ್ಲಿ ನರೆ ಶುರುವಾಗುತ್ತದೆ. ಇದಕ್ಕಿಂತ ಬಹಳ ಮೊದಲೇ ಬಂದರೆ ಬಾಲನರೆ. ವೈದ್ಯರ ಲೆಕ್ಕದಲ್ಲಿ ಯುರೋಪಿನ ಮೂಲದವರಿಗೆ 20, ಏಷ್ಯಾದವರಿಗೆ 25, ಆಫ್ರಿಕಾ ಮೂಲದವರಿಗೆ 30 ವರ್ಷಕ್ಕಿಂತ ಮುಂಚೆ ಬಂದದ್ದು ಬಾಲನರೆ. 32ಕ್ಕೆ ನಾಲ್ಕು ಬಿಳಿ ಎಳೆ ಬಂದರೆ ಅದನ್ನು ಬಾಲನರೆ ಅನ್ನುವುದಿಲ್ಲ.

ಐವತ್ತು ವರ್ಷಕ್ಕೆ ಅರ್ಧದಷ್ಟು ಜನರ ಅರ್ಧ ತಲೆ ಬೆಳ್ಳಗಾಗುತ್ತದೆ ಅಂತ ಚರ್ಮರೋಗದವರಲ್ಲಿ ಒಂದು ಹಳೇ ಮಾತಿತ್ತು. 2012ರಲ್ಲಿ ಬೇರೆ ಬೇರೆ ದೇಶಗಳ 4,000ಕ್ಕೂ ಹೆಚ್ಚು ಜನರನ್ನು ನೋಡಿ ಲೆಕ್ಕ ಹಾಕಿದಾಗ ಅದು ಸುಳ್ಳು ಅಂತ ಗೊತ್ತಾಯಿತು. ಐವತ್ತಕ್ಕೆ ಅರ್ಧ ತಲೆ ನರೆತವರು, ಯಾವ ಮೂಲದವರು ಅನ್ನುವುದರ ಮೇಲೆ, ಶೇ 6ರಿಂದ 23 ಮಾತ್ರ ಇದ್ದರು.

ಜಾಗದ ವಿಷಯಕ್ಕೆ ಬಂದರೆ, ಹೆಚ್ಚಿನವರಿಗೆ ಕಿವಿಯ ಪಕ್ಕದ ಕಣತಲೆಯಲ್ಲಿ ಮೊದಲು, ಆಮೇಲೆ ನೆತ್ತಿಗೆ, ಕೊನೆಗೆ ಹಿಂದಲೆಗೆ.

## ಚಿಂತೆಯಿಂದ ಬೆಳ್ಳಗಾಗುವುದು ನಿಜವಾ?

ಒಂದೇ ರಾತ್ರಿಯಲ್ಲಿ ಕೂದಲು ಬೆಳ್ಳಗಾದ ಕಥೆಗಳು ಬಹಳ ಇವೆ. 1793ರಲ್ಲಿ ಗಿಲೊಟಿನ್ ಅನ್ನುವ ತಲೆ ಕಡಿಯುವ ಯಂತ್ರಕ್ಕೆ ತಲೆಕೊಟ್ಟ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಕಥೆ ಅವುಗಳಲ್ಲಿ ದೊಡ್ಡದು. ಈಗಲೂ ಹಠಾತ್ತನೆ ನರೆಯುವುದಕ್ಕೆ ಅವಳ ಹೆಸರೇ ಇದೆ. ಆದರೆ ಮೇಲೆ ನೋಡಿದ ಹಾಗೆ ಹೊರಗಿರುವ ಎಳೆ ಒಂದು ರಾತ್ರಿಯಲ್ಲಿ ಬಣ್ಣ ಕಳೆದುಕೊಳ್ಳಲಾರದು. ಹಾಗಾದರೆ ಜನ ನೋಡಿದ್ದೇನು? ಅಲೊಪೇಶಿಯ ಏರಿಯೇಟಾ ಅನ್ನುವ ಒಂದು ಕಾಯಿಲೆ ಇದೆ. ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬೀಳುತ್ತದೆ, ಮತ್ತು ಹಲವು ಸಲ ಬಣ್ಣ ಇರುವ ಕೂದಲನ್ನೇ ಮೊದಲು ಉದುರಿಸಿ ಬಿಳಿಯದನ್ನು ಬಿಟ್ಟುಬಿಡುತ್ತದೆ. ಅರ್ಧ ನರೆತ ತಲೆಯಲ್ಲಿ ಕಪ್ಪೆಲ್ಲ ಕೆಲವೇ ದಿನಗಳಲ್ಲಿ ಉದುರಿದರೆ ಉಳಿಯುವುದು ಬಿಳಿ ಮಾತ್ರ. ನೋಡಿದವರಿಗೆ ತಲೆ ಬೆಳ್ಳಗಾದ ಹಾಗೇ ಕಾಣುತ್ತದೆ. ಹಠಾತ್ ನರೆಗೆ ವೈದ್ಯರು ಕೊಡುವ ಮುಖ್ಯ ವಿವರಣೆ ಇದು.

ಇನ್ನು ನಿಧಾನವಾಗಿ ಒತ್ತಡದಿಂದ ಬರುವ ನರೆ. ಇದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 2020ರಲ್ಲಿ, ಹಾರ್ವರ್ಡ್‌ನ ಯಾ-ಚಿಯೆ ಶು ಅವರ ಪ್ರಯೋಗಾಲಯದಿಂದ. ಕಪ್ಪು ಇಲಿಗಳನ್ನು ಬೇರೆ ಬೇರೆ ರೀತಿಯ ಒತ್ತಡಕ್ಕೆ ಒಳಪಡಿಸಿದರು, ಕೂದಲು ಬಿಳಿಯಾಯಿತು. ಯಾಕೆ ಅಂತ ಒಂದೊಂದೇ ಅನುಮಾನವನ್ನು ತಳ್ಳಿಹಾಕುತ್ತಾ ಹೋದದ್ದು ಈ ಪ್ರಯೋಗದ ಚಂದ. ರೋಗನಿರೋಧಕ ಕೋಶಗಳ ದಾಳಿಯಾ? ಆ ಕೋಶಗಳಿಲ್ಲದ ಇಲಿಗಳಿಗೂ ನರೆ ಬಂತು. ಒತ್ತಡದ ಹಾರ್ಮೋನಾ? ಅದನ್ನು ಸುರಿಸುವ ಅಡ್ರಿನಲ್ ಗ್ರಂಥಿಯನ್ನೇ ತೆಗೆದರು, ಆಗಲೂ ನರೆ ಬಂತು. ಕೊನೆಗೆ ಸಿಕ್ಕಿಬಿದ್ದದ್ದು ನರ. ಅಪಾಯ ಕಂಡಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಸಿಂಪಥೆಟಿಕ್ ನರಗಳ ತುದಿಗಳು ಪ್ರತಿ ಕೂದಲ ಬುಡಕ್ಕೂ ಹೋಗುತ್ತವೆ. ಒತ್ತಡದಲ್ಲಿ ಅಲ್ಲಿ ನಾರ್‌ಅಡ್ರಿನಲಿನ್ ಸುರಿಯುತ್ತದೆ. ಅದಕ್ಕೆ ಸ್ಟೆಮ್ ಸೆಲ್‌ಗಳು ಗಡಿಬಿಡಿಯಲ್ಲಿ ಎಚ್ಚೆತ್ತು, ಎಲ್ಲವೂ ಬಣ್ಣದ ಕೋಶಗಳಾಗಿ ಜಾಗ ಬಿಟ್ಟು ಹೊರಟವು. ಕೆಲವೇ ದಿನಗಳಲ್ಲಿ ಕಣಜ ಖಾಲಿ. ಎತ್ತಿಟ್ಟ ಬೀಜವನ್ನೆಲ್ಲ ಒಂದೇ ಸಲಕ್ಕೆ ಚೆಲ್ಲಿಬಿಟ್ಟರೆ ಮುಂದಿನ ವರ್ಷಕ್ಕೆ ಏನಿರುತ್ತದೆ?

ಇಲಿಗಳಲ್ಲಿ ಹೀಗೆ ಖಾಲಿಯಾದ ಬುಡಕ್ಕೆ ಬಣ್ಣ ಮರಳಲಿಲ್ಲ. ಮನುಷ್ಯರ ಕಥೆ ಸ್ವಲ್ಪ ಬೇರೆ ಅಂತ ಮರುವರ್ಷವೇ ಕಂಡಿತು. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಪಿಕಾರ್ಡ್ ಮತ್ತವರ ತಂಡ, ಸ್ವಯಂಸೇವಕರ ಒಂದೊಂದು ಕೂದಲಿನ ಬಣ್ಣವನ್ನು ಉದ್ದಕ್ಕೂ ಬಹಳ ಸೂಕ್ಷ್ಮವಾಗಿ ಅಳೆಯಿತು. ಕೂದಲು ಬೆಳೆಯುವ ವೇಗ ಗೊತ್ತಿರುವುದರಿಂದ ಯಾವ ತುಂಡು ಯಾವ ವಾರದ್ದು ಅಂತ ಹೇಳಬಹುದು. ಅದರ ಪಕ್ಕದಲ್ಲಿ 14 ಜನ ತಮ್ಮ ಒತ್ತಡದ ದಿನಗಳನ್ನು ಗುರುತು ಹಾಕಿಕೊಟ್ಟರು. ಕೆಲವು ಎಳೆಗಳ ತುದಿ ಬಿಳಿ, ಬುಡ ಕಪ್ಪು! ಅಂದರೆ ಬೆಳ್ಳಗೆ ಬರುತ್ತಿದ್ದ ಎಳೆ ನಡುವೆ ಮತ್ತೆ ಬಣ್ಣ ಪಡೆದಿತ್ತು. ಒಬ್ಬರ ಐದು ಎಳೆಗಳಂತೂ ಅವರು ರಜೆಯ ಮೇಲೆ ಹೋದ ಸಮಯದಲ್ಲೇ ಕಪ್ಪಾಗಿದ್ದವು.

ಇದನ್ನು ಓದಿ ರಜೆ ಹಾಕಿದರೆ ನರೆ ಹೋಗುತ್ತದೆ ಅಂದುಕೊಳ್ಳಬೇಡಿ (ಬಾಸ್‌ಗೆ ಹೇಳಲು ಒಳ್ಳೇ ಕಾರಣ, ಅಷ್ಟೇ). ಸಂಶೋಧಕರ ಪ್ರಕಾರ ಪ್ರತಿ ಬುಡಕ್ಕೂ ಒಂದು ಗಡಿ ಇದೆ. ವಯಸ್ಸಿನಿಂದ ಆ ಗಡಿಯ ಹತ್ತಿರ ಬಂದಿರುವ ಬುಡವನ್ನು ಒತ್ತಡ ಆಚೆ ತಳ್ಳಬಹುದು, ಒತ್ತಡ ಇಳಿದರೆ ಅದು ಈಚೆಗೆ ಬರಬಹುದು. ಎಷ್ಟೋ ವರ್ಷಗಳ ಹಿಂದೆಯೇ ಗಡಿ ದಾಟಿದ ಕೂದಲಿಗೆ ಇದು ಅನ್ವಯಿಸುವುದಿಲ್ಲ.

## ಕೊರತೆ, ಕಾಯಿಲೆ, ಮಾತ್ರೆ

ನರೆ ವಾಪಸಾಗುವ ಸಾಧ್ಯತೆ ನಿಜವಾಗಿ ಇರುವುದು ಇಲ್ಲಿ, ಅದೂ ಕೆಲವರಿಗೆ ಮಾತ್ರ.

ಮೊದಲನೆಯದು ವಿಟಮಿನ್ ಬಿ12. ಇದು ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಸಸ್ಯಾಹಾರಿಗಳಿಗೆ, ಅದರಲ್ಲೂ ಹಾಲು ಕೂಡ ಬಿಟ್ಟವರಿಗೆ ಕೊರತೆ ಆಗುವ ಸಾಧ್ಯತೆ ಜಾಸ್ತಿ. ತಿಂದರೂ ಹೀರಿಕೊಳ್ಳಲಾಗದವರು ಇನ್ನೊಂದು ಗುಂಪು. ಹೊಟ್ಟೆಯಲ್ಲಿ ಬಿ12 ಹೀರಲು ಬೇಕಾದ ಒಂದು ಪ್ರೋಟೀನು ಇಲ್ಲದೇ ಹೋದರೆ ಪರ್ನಿಶಿಯಸ್ ಅನೀಮಿಯ ಅನ್ನುವ ರಕ್ತಹೀನತೆ ಬರುತ್ತದೆ, ಅವರಲ್ಲಿ ನರೆ ಬೇಗ ಕಾಣುತ್ತದೆ. ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್, ಆಸಿಡಿಟಿಗೆ ವರ್ಷಗಟ್ಟಲೆ ನುಂಗುವ ಮಾತ್ರೆಗಳು ಕೂಡ ಬಿ12 ಇಳಿಸಬಹುದು. ಕೈಕಾಲು ಜೋಮು, ಸುಸ್ತು, ನಾಲಿಗೆ ಉರಿ ಇವು ಜೊತೆಗಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಕೂದಲಿಗಾಗಿ ಅಲ್ಲ, ನರಗಳಿಗಾಗಿ. ಬಹಳ ದಿನ ಬಿಟ್ಟರೆ ನರಗಳಿಗೆ ಆದ ಹಾನಿ ಸರಿಹೋಗದೇ ಉಳಿಯಬಹುದು. ಕೊರತೆ ನೀಗಿದ ಮೇಲೆ ಕೆಲವರ ಕೂದಲಿಗೆ ಬಣ್ಣ ಮರಳಿದ ಉದಾಹರಣೆಗಳಿವೆ.

ಎರಡನೆಯದು ಥೈರಾಯ್ಡ್. ಅದರ ಹಾರ್ಮೋನು ಕಡಿಮೆಯಾದಾಗ ನರೆ ಬೇಗ ಬರಬಹುದು, ಕೂದಲು ಒರಟಾಗಿ ಉದುರಲೂಬಹುದು. ಚಿಕಿತ್ಸೆ ಇದೆ.

ಈಗ ತಾಮ್ರ. ಟೈರೋಸಿನೇಸ್‌ಗೆ ತಾಮ್ರ ಬೇಕು ಅಂದೆನಲ್ಲ. ಸಾಮಾನ್ಯ ಊಟ ಮಾಡುವವರಿಗೆ ತಾಮ್ರದ ಕೊರತೆ ಅಪರೂಪ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಆಗಬಹುದು. ಇನ್ನೊಂದು ಗುಂಪಿನವರು ಕೈಯಾರೆ ತಂದುಕೊಳ್ಳುತ್ತಾರೆ. ಕೂದಲಿಗೆ ಒಳ್ಳೆಯದು ಅಂತ ಸತು, ಅಂದರೆ ಜಿಂಕ್ ಮಾತ್ರೆಯನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದು ದೇಹ ತಾಮ್ರ ಹೀರಿಕೊಳ್ಳುವುದನ್ನು ತಡೆಯುತ್ತದೆ. ಕೂದಲಿಗಾಗಿ ನುಂಗಿದ್ದು ಕೂದಲಿಗೇ ಮುಳುವು!

ಬಾಲನರೆ ಇರುವವರಲ್ಲಿ ಕಬ್ಬಿಣಾಂಶ, ವಿಟಮಿನ್ ಡಿ ಕಡಿಮೆ ಇರುವುದನ್ನೂ ಕೆಲವು ಅಧ್ಯಯನಗಳು ಕಂಡಿವೆ. ಆದರೆ ಎರಡೂ ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅಂತಲ್ಲ. ಕೊರತೆ ಇದ್ದರೆ ಸರಿಪಡಿಸಿಕೊಳ್ಳಿ, ಅದು ದೇಹಕ್ಕೆ ಬೇಕು. ನರೆ ಹೋಗುತ್ತದೆ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ.

ಬಯೋಟಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಯೋಟಿನ್ ಕೊರತೆ ಬಹಳ ಅಪರೂಪ. ಕೊರತೆ ಇಲ್ಲದವರ ನರೆಗೆ ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ಕೆಡಿಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತು. ಥೈರಾಯ್ಡ್ ಪರೀಕ್ಷೆ ತಪ್ಪು ತೋರಿಸಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೊನಿನ್ ಪರೀಕ್ಷೆಯಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಒಬ್ಬರು ನರೆ ಕಂಡು ಬಯೋಟಿನ್ ಶುರು ಮಾಡಿ, ಆಮೇಲೆ ಕಾರಣ ತಿಳಿಯೋಣ ಅಂತ ಥೈರಾಯ್ಡ್ ಪರೀಕ್ಷೆಗೆ ಹೋದರೆ ಎಂಥ ಗೊಂದಲ ಯೋಚಿಸಿ. ರಕ್ತ ಕೊಡುವ ಮುನ್ನ ಇದನ್ನು ವೈದ್ಯರಿಗೆ ಹೇಳಿ.

ಇನ್ನು ಒಂದೇ ಕಡೆ ಗುಂಪಾಗಿ ಬೆಳ್ಳಗಾದರೆ, ಅದರ ಕೆಳಗಿನ ಚರ್ಮವೂ ಬಿಳಿಯಾಗಿದ್ದರೆ ಅದು ತೊನ್ನು ಇರಬಹುದು. ಹುಟ್ಟಿನಿಂದಲೇ ಹಣೆಯ ಮೇಲೆ ಬಿಳಿ ಜುಟ್ಟು ಇದ್ದರೆ ಅದು ವಂಶವಾಹಿಯ ವಿಷಯ. ಎರಡನ್ನೂ ಚರ್ಮದ ವೈದ್ಯರೇ ನೋಡಬೇಕು.

## ಸಿಗರೇಟು

ಬದಲಾಯಿಸಲು ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಇದಕ್ಕೆ. 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಸಿಗರೇಟು ಸೇದುವವರಲ್ಲಿ ನರೆ ಹೆಚ್ಚು ಅಂತ ತೋರಿಸಿತು. 2013ರಲ್ಲಿ ಜೋರ್ಡಾನ್‌ನಲ್ಲಿ ನಡೆದ ಅಧ್ಯಯನದಲ್ಲಿ ಸೇದುವವರಿಗೆ ಮೂವತ್ತರೊಳಗೆ ನರೆ ಬರುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಕಂಡಿತು. ಹೊಗೆ ದೇಹದಲ್ಲಿ ಪೆರಾಕ್ಸೈಡ್‌ನಂಥ ವಸ್ತುಗಳನ್ನು ಹೆಚ್ಚಿಸುತ್ತದೆ, ಬಣ್ಣದ ಕೋಶಗಳು ಅದಕ್ಕೆ ಬೇಗ ಬಲಿಯಾಗುತ್ತವೆ ಅನ್ನುವುದು ವಿವರಣೆ. ಇವತ್ತು ಬಿಟ್ಟರೆ ನಾಳೆ ಕಪ್ಪಾಗುವುದಿಲ್ಲ, ಆದರೆ ಬೆಂಕಿಗೆ ತುಪ್ಪ ಸುರಿಯುವುದಾದರೂ ನಿಲ್ಲುತ್ತದೆ.

## ಎಣ್ಣೆ, ಶಾಂಪೂ, ಕೀಳುವುದು

ಎಣ್ಣೆ ಹಚ್ಚಿದರೆ ಎಳೆ ನುಣುಪಾಗುತ್ತದೆ, ಒಡೆಯುವುದು ಕಡಿಮೆಯಾಗುತ್ತದೆ, ಕಪ್ಪು ಕೂದಲು ಇನ್ನಷ್ಟು ಕಪ್ಪಾಗಿ ಹೊಳೆಯುತ್ತದೆ. ನರೆತ ಕೂದಲು ಹಲವರಿಗೆ ಒಣಗಿದ ಹಾಗೆ ಒರಟಾಗಿರುತ್ತದೆ, ಅವರಿಗೆ ಇದು ಹಿತ. ಆದರೆ ಖಾಲಿಯಾದ ಸ್ಟೆಮ್ ಸೆಲ್‌ಗಳನ್ನು ತುಂಬಿದ ಎಣ್ಣೆ ಯಾವುದೂ ಇಲ್ಲ. ಶಾಂಪೂ ಹಾಕಿದ್ದರಿಂದ ನರೆ ಬಂತು ಅನ್ನುವುದಕ್ಕೂ ಆಧಾರ ಇಲ್ಲ. ಅದು ತೊಳೆಯುವುದು ಎಳೆಯನ್ನು ಮತ್ತು ಚರ್ಮದ ಮೇಲ್ಮೈಯನ್ನು.

ಒಂದು ಕಿತ್ತರೆ ಹತ್ತು ಬರುತ್ತವೆ ಅನ್ನುವುದು ಸುಳ್ಳು. ಕಿತ್ತದ್ದು ಒಂದು ಬುಡದ್ದು, ಬರುವುದೂ ಅದೇ ಬುಡದಿಂದ, ಬಿಳಿಯಾಗಿಯೇ. ಪಕ್ಕದ ಬುಡಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಆದರೂ ಕೀಳಬೇಡಿ. ಪದೇ ಪದೇ ಕಿತ್ತರೆ ಬುಡಕ್ಕೆ ಗಾಯವಾಗಿ ಅಲ್ಲಿ ಕೂದಲೇ ಬರದೇ ಹೋಗಬಹುದು. ಕತ್ತರಿಯಿಂದ ಬುಡಕ್ಕೆ ಸೇರಿಸಿ ಕತ್ತರಿಸಿದರೆ ಸಾಕು.

## ಔಷಧಿಯಿಂದ ಕಪ್ಪಾದವರೂ ಇದ್ದಾರೆ

ನರೆಗೆ ಅಂತಲೇ ಮಾಡಿದ, ಕೆಲಸ ಮಾಡುತ್ತದೆ ಅಂತ ಸಾಬೀತಾದ ಔಷಧಿ ಇಲ್ಲ. ಬೇರೆ ಕಾಯಿಲೆಗೆ ಕೊಟ್ಟ ಔಷಧಿಯಿಂದ ಬಣ್ಣ ಮರಳಿದ್ದು ಮಾತ್ರ ಹಲವು ಸಲ ಕಂಡಿದೆ. ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ತೆಗೆದುಕೊಂಡ ಕೆಲವರ ನರೆ ಕಪ್ಪಾಯಿತು. 2017ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಬಳಸುವ ಚಿಕಿತ್ಸೆ ಪಡೆಯುತ್ತಿದ್ದ 14 ಜನರ ಕೂದಲಿಗೆ ಬಣ್ಣ ಬಂದ ವರದಿ ಪ್ರಕಟವಾಯಿತು. ಉಲ್ಟಾ ಕೂಡ ಇದೆ. ಕ್ಯಾನ್ಸರ್‌ನ ಇನ್ನೊಂದು ಔಷಧಿ ಸುನಿಟಿನಿಬ್ ಮತ್ತು ಮಲೇರಿಯಾದ ಕ್ಲೋರೊಕ್ವಿನ್ ಕೂದಲಿನ ಬಣ್ಣ ಇಳಿಸುತ್ತವೆ, ನಿಲ್ಲಿಸಿದರೆ ಮತ್ತೆ ಬರುತ್ತದೆ. ಇವನ್ನು ನರೆಗೆ ಅಂತ ಯಾರೂ ಕೊಡುವುದಿಲ್ಲ, ಅಡ್ಡಪರಿಣಾಮ ಅಷ್ಟು ದೊಡ್ಡದು. ಆದರೆ ಬಿಳಿಯಾಗಿ ಕಾಣುವ ಬುಡಗಳೆಲ್ಲ ಪೂರ್ತಿ ಖಾಲಿಯಲ್ಲ, ಕೆಲವದರಲ್ಲಿ ಬೀಜ ಇನ್ನೂ ಇದೆ ಅನ್ನುವುದಕ್ಕೆ ಇವರೇ ಸಾಕ್ಷಿ.

## ಬಣ್ಣ ಹಚ್ಚುವುದಾದರೆ

ಮದರಂಗಿಯಲ್ಲಿರುವ ಲಾಸೋನ್ ಅನ್ನುವ ವಸ್ತು ಕೆರಟಿನ್‌ಗೆ ಅಂಟಿಕೊಂಡು ಬಿಳಿ ಕೂದಲನ್ನು ಕೇಸರಿ-ಕೆಂಪು ಮಾಡುತ್ತದೆ. ಬರೀ ಮದರಂಗಿಯಿಂದ ಕಪ್ಪು ಬರುವುದಿಲ್ಲ. ಹಚ್ಚಿದ ಕೂಡಲೇ ಕಡುಗಪ್ಪು ಬಂದರೆ ಅದರಲ್ಲಿ ಬೇರೇನೋ ಬೆರೆಸಿದ್ದಾರೆ ಅಂತ ಅರ್ಥ, ಹೆಚ್ಚಾಗಿ ಅದು ಪಿಪಿಡಿ.

ಪಿಪಿಡಿ ಅಂದರೆ ಪ್ಯಾರಾ ಫೀನಿಲೀನ್ ಡೈಅಮೀನ್. ಅನೇಕ ಕಾಯಂ ಹೇರ್ ಡೈಗಳಲ್ಲಿ ಇದು ಇರುತ್ತದೆ. ಡೈಯಲ್ಲಿರುವ ಅಮೋನಿಯಾ ಎಳೆಯ ಹೊರಪದರವನ್ನು ಸಡಿಲಿಸುತ್ತದೆ, ಪಿಪಿಡಿಯ ಸಣ್ಣ ಅಣುಗಳು ಒಳಗೆ ಹೋಗುತ್ತವೆ, ಪೆರಾಕ್ಸೈಡ್ ಜೊತೆ ಸೇರಿ ದೊಡ್ಡ ಬಣ್ಣದ ಅಣುಗಳಾಗಿ ಅಲ್ಲೇ ಉಳಿದುಬಿಡುತ್ತವೆ. ಕೆಲವರಿಗೆ ಇದು ಜೋರು ಅಲರ್ಜಿ ತರುತ್ತದೆ. ತಲೆ ತುರಿಕೆ, ಮುಖ ಮತ್ತು ಕಣ್ಣಿನ ಸುತ್ತ ಊತ, ನೀರು ಸೋರುವ ಗುಳ್ಳೆ. ವರ್ಷಗಟ್ಟಲೆ ಏನೂ ಆಗದೇ ಹಚ್ಚಿಕೊಂಡವರಿಗೂ ಒಂದು ದಿನ ಹಠಾತ್ತಾಗಿ ಬರಬಹುದು.

ಇನ್ನೊಂದು ಬಗೆ, ದಿನಾ ಸ್ವಲ್ಪ ಹಚ್ಚಿದರೆ ನಿಧಾನಕ್ಕೆ ಕಪ್ಪಾಗುತ್ತದೆ ಅನ್ನುವ ಕ್ರೀಮು ಮತ್ತು ದ್ರವಗಳು. ಬಣ್ಣ ಮರಳುತ್ತಿದೆ ಅಂತ ಅನ್ನಿಸುವುದು ಇವುಗಳಿಂದಲೇ ಜಾಸ್ತಿ. ಇಂಥ ಕೆಲವದರಲ್ಲಿ ಸೀಸದ ಸಂಯುಕ್ತ ಲೆಡ್ ಅಸಿಟೇಟ್ ಇರುತ್ತಿತ್ತು. ಅದು ಕೆರಟಿನ್‌ನಲ್ಲಿರುವ ಗಂಧಕದ ಜೊತೆ ಸೇರಿ ಕಪ್ಪು ಲೆಡ್ ಸಲ್ಫೈಡ್ ಆಗುತ್ತದೆ, ಬುಡಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಸೀಸ ವಿಷ. ಅಮೆರಿಕದ ಎಫ್‌ಡಿಎ ಇದಕ್ಕೆ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡುವ ತೀರ್ಮಾನವನ್ನು 2018ರಲ್ಲಿ ಪ್ರಕಟಿಸಿತು. ಹಾಗಾಗಿ ಇಂಥದ್ದನ್ನು ಕೊಳ್ಳುವಾಗ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ, ಏನೇನಿದೆ ಅಂತ ಬರೆದೇ ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಯಾವ ಡೈ ಆದರೂ ಸರಿ, ಮೊಣಕೈಯ ಒಳಮಡಿಕೆಯಲ್ಲೋ ಕಿವಿಯ ಹಿಂದೆಯೋ ಒಂದು ಚೂರು ಹಚ್ಚಿ 48 ಗಂಟೆ ನೋಡಿ. ತುರಿಕೆ, ಕೆಂಪು ಬಂದರೆ ಅದನ್ನು ತಲೆಗೆ ಹಚ್ಚಬೇಡಿ. ಹಿಂದಿನ ಸಲ ಏನೂ ಆಗಿರಲಿಲ್ಲ ಅಂತ ಈ ಪರೀಕ್ಷೆ ಬಿಡಬೇಡಿ, ಪ್ರತಿ ಸಲವೂ ಮಾಡಿ.